ಎಂಜಿನ್ ತೊಳೆದ ಮೇಲೆ ಗಾಡಿ ಕೆಟ್ಟರೆ: ನೀರು ನಿಂತ ಜಾಗ ಹುಡುಕುವ ಕೈಪಿಡಿ

"ನಿನ್ನೆ ಎಂಜಿನ್ ವಾಷ್ ಮಾಡಿಸಿದ್ದು ಮಾರಾಯ್ರೆ, ಇವತ್ತು ನೋಡಿದರೆ ಸ್ಟಾರ್ಟೇ ಇಲ್ಲ." ಮಳೆ ಬಿಟ್ಟು ಬಿಸಿಲು ಬೀಳುವ ಅಕ್ಟೋಬರಿನಲ್ಲಿ ಮಂಗಳೂರು, ಉಡುಪಿಯ ಗ್ಯಾರೇಜುಗಳಿಗೆ ಇದು ಹಳೆಯ ರಾಗ. ನಾಲ್ಕು ತಿಂಗಳು ಕೆಂಪು ಕೆಸರು ಸಿಡಿದು, ಒಸರಿದ ಆಯಿಲಿಗೆ ಧೂಳು ಮೆತ್ತಿ, ಮಾವಿನೆಲೆ ಕೊಳೆತ ಬಾನೆಟ್ಟಿನ ಒಳಗನ್ನು ತೊಳೆಯಬೇಕು ಅನಿಸುವುದು ಸಹಜ. ತೊಳೆಯಬಹುದು ಕೂಡ. ಎಡವಟ್ಟಾಗುವುದು ಬಿಸಿ ಎಂಜಿನ್ನಿಗೆ ಪ್ರೆಷರ್ ಗನ್ ಹಿಡಿದಾಗ, ತೊಳೆದು ಒಣಗಿಸದೆ ಬಿಟ್ಟಾಗ.

ಮಳೆಯಲ್ಲೇ ಓಡುವ ಗಾಡಿಗೆ ಇಷ್ಟು ನೀರು ಯಾಕೆ ತಡೆಯುವುದಿಲ್ಲ ಎಂದು ಕೇಳುವವರಿದ್ದಾರೆ. ರಸ್ತೆಯ ನೀರು ಕೆಳಗಿನಿಂದ, ಚದುರಿ ಬರುತ್ತದೆ. ವಾಷಿನ ನೀರು ಮೇಲಿನಿಂದ, ಒಂದೇ ಜಾಗಕ್ಕೆ, ಒತ್ತಡದಲ್ಲಿ ಬೀಳುತ್ತದೆ. ಮನೆಯ ನಲ್ಲಿ ಪೈಪಿನ ಒತ್ತಡ ಹೆಚ್ಚೆಂದರೆ ಕೆಲವೇ ಬಾರ್ (ಒತ್ತಡದ ಅಳತೆ). ಸರ್ವಿಸ್ ಸ್ಟೇಷನ್ನಿನ ಗನ್ನಿನದು 100 ಬಾರ್ ದಾಟುವುದೂ ಉಂಟು. ವೈರು ಜೋಡಿಸುವ ಕನೆಕ್ಟರ್ (ಸಾಕೆಟ್) ಮೇಲೆ 'ಐಪಿ 67' ಎಂದಿದ್ದರೆ ಅದು ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿದರೆ ತಡೆಯುತ್ತದೆ ಎಂದರ್ಥ, ಗನ್ನಿನ ಹೊಡೆತಕ್ಕೆ ಅದು ಭರವಸೆಯಲ್ಲ. ಬಿಸಿಯದ್ದು ಇನ್ನೊಂದು ಆಟ. ಬಿಸಿಯಾದ ಕನೆಕ್ಟರಿನ ಒಳಗಿನ ಗಾಳಿ ಹಿಗ್ಗಿರುತ್ತದೆ; ತಣ್ಣೀರು ಬಿದ್ದೊಡನೆ ಕುಗ್ಗಿ, ರಬ್ಬರ್ ಸೀಲಿನ ಸಂದಿಯಿಂದ ಆ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗೆ ಒರೆಸಿ ಮಿಂಚಿಸಿದ ಸಾಕೆಟ್ ಒಳಗೆ ಹಸಿಯಾಗಿರುವುದು ಹೀಗೆ.

ಯಾವ ಭಾಗ ಕೆಟ್ಟಿದೆ ಎಂದು ಊಹಿಸುವ ಮೊದಲು, ತೊಳೆದು ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು ಎಂದು ಕೇಳಿಕೊಳ್ಳಿ. ತೊಳೆದ ಕೂಡಲೇ ಆದರೆ ನೀರು ಪ್ಲಗ್ಗಿನ ಹೊಂಡದಲ್ಲೋ, ಏರ್ ಫಿಲ್ಟರಿನಲ್ಲೋ, ಬೆಲ್ಟಿನ ಮೇಲೋ ಇದೆ. ಸಂಜೆ ಸರಿಯಿದ್ದು ಬೆಳಿಗ್ಗೆ ಕೈಕೊಟ್ಟರೆ ರಾತ್ರಿಯಿಡೀ ಎಲ್ಲಿಂದಲೋ ತೊಟ್ಟಿಕ್ಕಿದೆ. ಮೂರು ನಾಲ್ಕು ವಾರ ಕಳೆದು ಬಂದ ತೊಂದರೆಯ ಹೆಸರು ಕಿಲುಬು.

ಸೆಲ್ಫ್ ಹೊಡೆಯುತ್ತಲೇ ಇರಬೇಡಿ

ಎಂಜಿನ್ ಏಳದಿದ್ದರೆ ಒಂದು ಸಲಕ್ಕೆ 5 ಸೆಕೆಂಡು, ನಡುವೆ ಅರ್ಧ ನಿಮಿಷ ಬಿಡುವು, ಹೆಚ್ಚೆಂದರೆ ಮೂರು ಸಲ. ಅಷ್ಟಕ್ಕೂ ಆಗದಿದ್ದರೆ ನಿಲ್ಲಿಸಿ. ಪೆಟ್ರೋಲ್ ಗಾಡಿಯಲ್ಲಿ ಕಿಡಿ ಇಲ್ಲದೆ ಹೋದ ಇಂಧನ ಹಸಿಯಾಗಿಯೇ ಸೈಲೆನ್ಸರಿನ ಕಡೆ ಹೋಗಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ. ಸುಟ್ಟ ಕನ್ವರ್ಟರಿನ ಬೆಲೆಯ ಮುಂದೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲಿನ ಬೆಲೆ ಏನೂ ಅಲ್ಲ. ಎಂಜಿನ್ ಎದ್ದು ಚೆಕ್ ಲೈಟ್ ಮಿಣುಕುತ್ತಿದ್ದರೂ ಇದೇ ಮಾತು. ದೀಪ ಸುಮ್ಮನೆ ಉರಿದರೆ ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು. ಮಿಣುಕಿದರೆ ಬದಿಗೆ ಹಾಕಿ ಆಫ್ ಮಾಡಿ.

ಸೆಲ್ಫ್ ಒಮ್ಮೆ 'ಟಕ್' ಎಂದು ತಡೆದು ನಿಂತರೆ ಇನ್ನೂ ಎಚ್ಚರ ಬೇಕು. ಬ್ಯಾಟರಿ ಇಳಿದಿರಬಹುದು, ಏರ್ ಫಿಲ್ಟರಿನ ಬಾಯಿಗೆ ಗನ್ ಹಿಡಿದಿದ್ದರೆ ಸಿಲಿಂಡರಿನೊಳಗೆ ನೀರೂ ಹೋಗಿರಬಹುದು. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಬಲವಂತ ಮಾಡಿದರೆ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಫಿಲ್ಟರ್ ಡಬ್ಬಿ ತೆರೆದು, ಅಲ್ಲಿಂದ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್‌ವರೆಗಿನ ಪೈಪಿನಲ್ಲಿ ನೀರು ಕಂಡರೆ ಮತ್ತೆ ಕೀಲಿ ತಿರುಗಿಸಬೇಡಿ. ಪ್ಲಗ್ ಬಿಚ್ಚಿ ನೀರು ಹೊರಹಾಕುವವರೆಗೆ ಅದು ಟೋಯಿಂಗ್ ಗಾಡಿಯ ಕೆಲಸ.

ಮಿಸ್ಸಿಂಗ್: ಮೊದಲು ಪ್ಲಗ್ ಹೊಂಡ ನೋಡಿ

ತೊಳೆದ ಮೇಲೆ ಪೆಟ್ರೋಲ್ ಗಾಡಿ ಗಡಗಡ ನಡುಗಿದರೆ (ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದ ಇದಕ್ಕೇ ಮಿಸ್ಸಿಂಗ್ ಎನ್ನುವುದು), ಎಸಿ ಹಾಕಿದಾಗ ಅಥವಾ ಏರು ದಾರಿಯಲ್ಲಿ ಇನ್ನೂ ಜೋರಾದರೆ ಸಂಶಯದ ಮೊದಲ ಜಾಗ ಪ್ಲಗ್ಗಿನ ಹೊಂಡ. ಈಗಿನ ಹೆಚ್ಚಿನ ಎಂಜಿನ್ನುಗಳಲ್ಲಿ ಪ್ಲಗ್ಗು ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ ನಡುವೆ ಆಳವಾದ ಕೊಳವೆಯ ತಳದಲ್ಲಿದ್ದು, ಅದರ ಮೇಲೆ ಕಾಯಿಲ್ ಕೂರುತ್ತದೆ. ಕೊಳವೆಯ ಬಾಯಿ ಮುಚ್ಚುವುದು ಕಾಯಿಲಿನ ರಬ್ಬರು. ಎಂಟು ಹತ್ತು ವರ್ಷದ ಗಾಡಿಯಲ್ಲಿ ಈ ರಬ್ಬರು ಬಿಸಿಗೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಒಮ್ಮೆ ಒಳಗೆ ಇಳಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ನೀರಿನ ಮೂಲಕ ಕೊಳವೆಯ ಗೋಡೆಗೆ ಹಾರುತ್ತದೆ.

ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಇದ್ದರೆ ಕೆಲಸ ಸುಲಭ. ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0302 ಎರಡನೆಯದು, ಹೀಗೆ ಮುಂದಕ್ಕೆ. ಪಿ0300 ಬಂದರೆ ಒಂದಕ್ಕಿಂತ ಹೆಚ್ಚು ಕಡೆ ನೀರಿರಬಹುದು. ಸ್ಕ್ಯಾನರ್ ಇಲ್ಲದಿದ್ದರೆ ನಾಲ್ಕು ಕಾಯಿಲುಗಳನ್ನೂ ಬಿಚ್ಚಿ ನೋಡುವುದೇ ಲೇಸು, ಅರ್ಧ ಗಂಟೆಯ ಕೆಲಸ.

ಎಂಜಿನ್ ಪೂರ್ತಿ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕಾಯಿಲಿನ ಸಾಕೆಟ್ಟಿನ ಲಾಕ್ ಒತ್ತಿ ತೆಗೆಯಿರಿ. ವೈರ್ ಹಿಡಿದು ಎಳೆಯಬೇಡಿ, ಹಳೆಯ ಪ್ಲಾಸ್ಟಿಕ್ ಲಾಕ್ ಮುರಿಯುವುದು ಇಲ್ಲೇ. ಕಾಯಿಲಿನ ಬೋಲ್ಟು ಸಾಮಾನ್ಯವಾಗಿ 10 ಎಂ.ಎಂ ಸ್ಪಾನರಿನದು. ಬೋಲ್ಟ್ ತೆಗೆದು ಕಾಯಿಲನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಚಿ ಮೇಲೆತ್ತಿ. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ಗಿನ ಬುಡದಲ್ಲಿ ನೀರು ಹೊಳೆಯುತ್ತದೆ. ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ನೀರಿರುವಾಗಲೇ ಪ್ಲಗ್ ಬಿಚ್ಚುವುದು: ಹೊಂಡದ ನೀರು, ಮಣ್ಣು ಎರಡೂ ನೇರವಾಗಿ ಸಿಲಿಂಡರಿಗೆ ಇಳಿಯುತ್ತವೆ. ಮೊದಲು ಸಿರಿಂಜಿಗೆ ತೆಳ್ಳಗಿನ ಟ್ಯೂಬ್ ಸಿಕ್ಕಿಸಿ ನೀರು ಹೀರಿ, ಉಳಿದದ್ದನ್ನು ಉದ್ದ ಸ್ಕ್ರೂಡ್ರೈವರಿಗೆ ಹತ್ತಿ ಬಟ್ಟೆ ಸುತ್ತಿ ಒತ್ತಿ ತೆಗೆಯಿರಿ. ಗಾಳಿಯ ಪೈಪ್ ಇದ್ದರೆ ಕನ್ನಡಕ ಹಾಕಿಕೊಂಡು ಊದಿ, ಹೊಂಡದ ಮಣ್ಣು ಮುಖಕ್ಕೇ ಹಾರುತ್ತದೆ.

ಹೊಂಡದಲ್ಲಿ ನೀರಿಗೆ ಬದಲು ಆಯಿಲ್ ಕಂಡರೆ ಅದು ವಾಷಿನ ತಪ್ಪಲ್ಲ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಅಥವಾ ಕೊಳವೆಯ ಸೀಲ್ ಮೊದಲೇ ಹೋಗಿದೆ, ಅದನ್ನು ಬದಲಾಯಿಸಬೇಕು.

ಕಾಯಿಲಿನ ರಬ್ಬರನ್ನೂ ಪ್ಲಗ್ಗಿನ ಬಿಳಿ ಪಿಂಗಾಣಿಯನ್ನೂ ಬೆಳಕಿಗೆ ಹಿಡಿದು ನೋಡಿ. ಪೆನ್ಸಿಲಿನಿಂದ ಗೀಚಿದಂತೆ ಕಪ್ಪು ಗೆರೆ ಇದ್ದರೆ ಕಿಡಿ ಆ ದಾರಿಯಲ್ಲಿ ಓಡಾಡಿದ ಗುರುತು. ಆ ಗೆರೆ ಇಂಗಾಲದ್ದು, ಕರೆಂಟಿಗೆ ತೆರೆದ ಬಾಗಿಲು. ಒಣಗಿಸಿದರೂ ಸರಿಯಾಗುವುದಿಲ್ಲ, ಭಾಗ ಬದಲಾಯಿಸಲೇಬೇಕು. "ಒಣಗಿಸಿದ ಮೇಲೂ ಮಿಸ್ಸಿಂಗ್ ಹೋಗಲಿಲ್ಲ" ಎನ್ನುವ ದೂರುಗಳಲ್ಲಿ ಮೊದಲು ಹುಡುಕಬೇಕಾದದ್ದು ಈ ಗೆರೆಯನ್ನೇ. ಗೆರೆ ಇಲ್ಲದಿದ್ದರೆ ರಬ್ಬರಿನ ಒಳತುದಿಗೆ ಮಾತ್ರ ಅಕ್ಕಿಕಾಳಿನಷ್ಟು ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಯಬಿಡದ ಗ್ರೀಸ್) ಸವರಿ ಜೋಡಿಸಿ.

ಜೋಡಿಸಿದ ಮೇಲೂ ಕೋಡ್ ಬಂದರೆ ಆ ಸಿಲಿಂಡರಿನ ಕಾಯಿಲನ್ನು ಪಕ್ಕದ್ದಕ್ಕೆ ಅದಲು ಬದಲು ಮಾಡಿ. ಪಿ0302 ಇದ್ದದ್ದು ಪಿ0303 ಆದರೆ ಕಾಯಿಲೇ ಕೆಟ್ಟಿದೆ. ಕೋಡ್ ಜಾಗ ಬಿಡದಿದ್ದರೆ ಪ್ಲಗ್ಗು, ಇಂಜೆಕ್ಟರಿನ ಸಾಕೆಟ್, ವೈರಿಂಗ್ ನೋಡಿ. ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದ ಗಾಡಿಗಳಲ್ಲಿ ಆ ಕಿಟ್ಟಿನ ಜೋಡಣೆಗಳನ್ನೂ ನೋಡಬೇಕು. ಟೇಪ್ ಸುತ್ತಿದ ಜಾಯಿಂಟ್‌ಗಳು ನೀರು ಕುಡಿಯುವುದರಲ್ಲಿ ನಿಸ್ಸೀಮವು.

ಪಿಕಪ್ ಇಲ್ಲ, ಕಪ್ಪು ಹೊಗೆ

ಡೀಸೆಲ್ ಗಾಡಿಗೆ ಪ್ಲಗ್ಗಿನ ಕಿಡಿಯ ಕಾಟವಿಲ್ಲ. ಅದರ ಸಂಕಟ ಗಾಳಿಯ ದಾರಿಯಲ್ಲಿದೆ. ಫಿಲ್ಟರಿನ ಕಾಗದ ಒದ್ದೆಯಾದರೆ ಗಾಳಿ ಹೋಗುವುದಿಲ್ಲ, ಪಿಕಪ್ ಸಾಯುತ್ತದೆ. ಒದ್ದೆ ಫಿಲ್ಟರನ್ನು ಬಿಸಿಲಿಗಿಟ್ಟು ಮತ್ತೆ ಹಾಕುವವರಿದ್ದಾರೆ. ಕಾಗದದ ಮಡಿಕೆಗಳು ಒಂದಕ್ಕೊಂದು ಅಂಟಿ, ಕೆಲವೊಮ್ಮೆ ಹರಿದೂ ಇರುತ್ತವೆ. ಹೊಸದನ್ನೇ ಹಾಕಿ. ಫಿಲ್ಟರ್ ದಾಟಿದೊಡನೆ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇರುತ್ತದೆ (ಹಲವು ಪೆಟ್ರೋಲ್ ಗಾಡಿಗಳಲ್ಲೂ ಉಂಟು). ಪಿ0101, ಪಿ0102, ಪಿ0113 ಕೋಡುಗಳು ಈ ಸುತ್ತಿನವು. ಸೆನ್ಸರಿನ ಸಾಕೆಟ್ ಕಳಚಿ ಎಂಜಿನ್ ಓಡಿಸಿ ನೋಡಿ: ಕಳಚಿದಾಗಲೇ ಗಾಡಿ ಚೆನ್ನಾಗಿ ಓಡಿದರೆ ತಪ್ಪು ಲೆಕ್ಕ ಕೊಡುತ್ತಿದ್ದದ್ದು ಆ ಸೆನ್ಸರೇ. ಅದರ ಕೂದಲೆಳೆಯಂಥ ತಂತಿಯನ್ನು ಬಟ್ಟೆಯಿಂದ ಒರೆಸಬಾರದು. ಅದಕ್ಕೆಂದೇ ಇರುವ ಸ್ಪ್ರೇ ಹೊಡೆದು 15 ನಿಮಿಷ ಒಣಗಲು ಬಿಡಿ.

ಆಕ್ಸಿಲರೇಟರ್ ಒತ್ತಿದರೂ ಎಂಜಿನ್ ಏರದೆ ಪಿ2135 ಕಾಣಿಸಿದರೆ ಥ್ರಾಟಲ್ ಬಾಡಿಯ ಸಾಕೆಟ್ ಬಿಚ್ಚಿ ಒಣಗಿಸಿ. ಪಿ0335, ಪಿ0340 ಬಂದರೆ ಎಂಜಿನ್ನಿನ ತಿರುಗಾಟ ಗಮನಿಸುವ ಕ್ರ್ಯಾಂಕ್, ಕ್ಯಾಮ್ ಸೆನ್ಸರುಗಳದು ಅದೇ ಕೆಲಸ.

ಬೆಲ್ಟ್ ಕಿರುಚಾಟ, ಬ್ಯಾಟರಿ ದೀಪ

ಬೆಲ್ಟ್ ಬರೀ ನೀರಿಗೆ ಕಿರುಚಿದರೆ ಐದು ನಿಮಿಷ ಓಡಿದ ಮೇಲೆ ತಾನೇ ಸುಮ್ಮನಾಗುತ್ತದೆ. ಹತ್ತು ನಿಮಿಷ ಕಳೆದರೂ ನಿಲ್ಲದಿದ್ದರೆ ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರಾವಣ) ಅಥವಾ ಪಾಲಿಶ್ ಅದಕ್ಕೆ ತಾಗಿರಬಹುದು. ಎಂಜಿನ್ ಆಫ್ ಮಾಡಿ, ಪುಲ್ಲಿಯನ್ನೂ ಬೆಲ್ಟಿನ ಗೆರೆಗಳನ್ನೂ ಸೋಪು ನೀರಿನಲ್ಲಿ, ಆಮೇಲೆ ಸಾದಾ ನೀರಿನಲ್ಲಿ ಒರೆಸಿ. ಶಬ್ದ ನಿಲ್ಲಲೆಂದು ಎಣ್ಣೆ ಬಿಡುವುದು ಹುಚ್ಚುತನ. ಬ್ಯಾಟರಿ ದೀಪವೂ ಉರಿಯುತ್ತಿದ್ದರೆ ಎಂಜಿನ್ ಓಡುವಾಗ ಬ್ಯಾಟರಿ ತುದಿಗಳಲ್ಲಿ ಮಲ್ಟಿಮೀಟರ್ ಹಿಡಿಯಿರಿ: 13.8ರಿಂದ 14.4 ವೋಲ್ಟ್ ಇರಬೇಕು. 12.5ರ ಆಸುಪಾಸು ನಿಂತರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ. ಒಳಗಿನ ಬ್ರಷ್ಷಿಗೆ ಕೆಸರು ನೀರು ಹೋಗಿರಬಹುದು. ಊದಿ ಒಣಗಿಸಿ ಅರ್ಧ ದಿನ ಬಿಟ್ಟು ಮತ್ತೆ ಅಳೆದ ಮೇಲೆ ಹೊಸದರ ಮಾತಾಡಿ. ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜ್ ಏರಿಳಿಸುವುದರಿಂದ ಹೆಡ್‌ಲೈಟ್ ಹಾಕಿಯೇ ಅಳೆಯಬೇಕು.

ರಾತ್ರಿ ಕಳೆದು ಬೆಳಿಗ್ಗೆ

ಬಾನೆಟ್ಟಿನ ಒಳಮೈಗೆ ಅಂಟಿಸಿದ ದಪ್ಪ ಪ್ಯಾಡ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಸ್ಪಂಜಿನಂತೆ ನೀರು ಕುಡಿದು, ಬಾನೆಟ್ ಮುಚ್ಚಿದ ಮೇಲೆ ಕಾಯಿಲುಗಳ ಮೇಲೆಯೇ ತೊಟ್ಟಿಕ್ಕುತ್ತದೆ. ಕೈಯಿಂದ ಒತ್ತಿ ನೋಡಿ. ನೀರು ಬಂದರೆ ಕ್ಲಿಪ್ ಬಿಚ್ಚಿ ತೆಗೆದು ಬೇರೆಯಾಗಿ ಒಣಗಿಸಿ.

ಹಾರ್ನ್ ತಾನಾಗಿ ಕೂಗುವುದು, ವೈಪರ್ ಹುಚ್ಚೆದ್ದು ಓಡುವುದು, ಕೀಲಿ ತೆಗೆದ ಮೇಲೂ ಫ್ಯಾನ್ ತಿರುಗುತ್ತಲೇ ಇರುವುದು, ಇವೆಲ್ಲ ಫ್ಯೂಸ್ ಬಾಕ್ಸಿಗೆ ನೀರು ಹೋದ ಲಕ್ಷಣ. ಬಾಕ್ಸ್ ಸರಿಯಿದ್ದರೆ ನೀರು ಹೋಗುವುದು ಕಡಿಮೆ. ಆದರೆ ಜೋರು ಹಾರ್ನ್, ಫಾಗ್ ಲ್ಯಾಂಪ್ ಹಾಕಿಸಿದಾಗ ಅದರ ವೈರನ್ನು ಮುಚ್ಚಳದ ಅಂಚಿನಿಂದಲೇ ಎಳೆದಿರುತ್ತಾರೆ. ಮುಚ್ಚಳ ಒಂದು ಬದಿ ಎದ್ದೇ ಇರುತ್ತದೆ. ಬ್ಯಾಟರಿ ಬಿಚ್ಚಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡು, ಫ್ಯೂಸ್ ರಿಲೇಗಳನ್ನು ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ (ಪಿನ್ನು ಶುಚಿಮಾಡುವ ಸ್ಪ್ರೇ) ಹೊಡೆದು ಒಣಗಿಸಿ. ಹೇರ್ ಡ್ರೈಯರ್ ಆದರೆ ಕಡಿಮೆ ಬಿಸಿಯಲ್ಲಿ, ಅದೂ ಸ್ಪ್ರೇ ಪೂರ್ತಿ ಆರಿದ ಮೇಲೆ. ಆ ಸ್ಪ್ರೇಗಳಲ್ಲಿ ಹೆಚ್ಚಿನವು ಬೆಂಕಿ ಹಿಡಿಯುವಂಥವು.

ವಾರಗಳ ಮೇಲೆ: ಕಿಲುಬು

ಘಟ್ಟದ ಮೇಲಿನವರಿಗೆ ಇಷ್ಟು ತೊಂದರೆಯಿಲ್ಲ. ಪಣಂಬೂರು, ಉಳ್ಳಾಲ, ಮಲ್ಪೆ, ಕಾಪು ಕಡೆ ಗಾಳಿಯಲ್ಲೇ ಉಪ್ಪಿದೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋದವರಿಗೆ ಮಂಜುಗಡ್ಡೆಯ ಉಪ್ಪುನೀರು ರೇಡಿಯೇಟರಿಗೆ ಸಿಡಿಯುವುದೂ ಗೊತ್ತು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಉಪ್ಪು ಸೇರಿದ ಕೊಳೆ ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. ವಾಷಿನ ನೀರು ಆ ಉಪ್ಪನ್ನು ಕರಗಿಸಿ ಸಾಕೆಟ್ಟಿನ ಪಿನ್ನಿಗೆ ಒಯ್ದರೆ ತಾಮ್ರ ಹಸಿರಾಗುತ್ತದೆ. ಈ ಕಾರಣಕ್ಕೇ ಕರಾವಳಿಯಲ್ಲಿ ಎಂಜಿನ್ ತೊಳೆಯಲೂ ಬೇಕು, ತೊಳೆದರೆ ಅಪಾಯವೂ ಹೆಚ್ಚು.

ಕಿಲುಬಿನ ದೋಷ ಬಂದು ಹೋಗುತ್ತಿರುತ್ತದೆ: ಬೆಳಿಗ್ಗೆ ಸ್ಟಾರ್ಟಿಗೆ ಸತಾಯಿಸಿ ಮಧ್ಯಾಹ್ನ ಸರಿ, ಹೆಡ್‌ಲೈಟ್ ಒಮ್ಮೆ ಮಂದ ಒಮ್ಮೆ ಜೋರು. ಮೊದಲು ಅರ್ತಿಂಗ್ (ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟ್ ಮರಳುವ ದಾರಿ) ಪರೀಕ್ಷಿಸಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ (ಕ್ಲ್ಯಾಂಪಿಗಲ್ಲ), ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 0.2 ವೋಲ್ಟಿನೊಳಗಿದ್ದರೆ ಚೆನ್ನ. 0.5 ದಾಟಿದರೆ ಅರ್ತಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿ, ಎರಡೂ ಮುಖವನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಬಿಗಿಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ. ಬ್ಯಾಟರಿ ತುದಿಯ ಬಿಳಿ ಹಿಟ್ಟಿಗೆ ಒಂದು ಲೋಟ ಬೆಚ್ಚನೆ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಸಾಕು. ಬ್ಯಾಟರಿಯ ಮುಚ್ಚಳದೊಳಗೆ ಅದು ಇಳಿಯಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ.

ಹಸಿರಾದ ಪಿನ್ನನ್ನು ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಮೃದು ಬ್ರಷ್ಷಿನಿಂದ ಉಳಿಸಬಹುದು. ಪಿನ್ ತೆಳ್ಳಗಾಗಿದ್ದರೆ ಸಾಕೆಟ್ ಬದಲಾಯಿಸಬೇಕು. ಎಂಥದೋ ಎಣ್ಣೆ ಸ್ಪ್ರೇ ಹೊಡೆದು ಮುಚ್ಚಿದರೆ ಸದ್ಯಕ್ಕೆ ಓಡುತ್ತದೆ, ಮುಂದಿನ ಧೂಳಿಗೆ ಅಂಟು ಸಿಕ್ಕಂತಾಯಿತು.

ತೊಳೆಯುವ ಬಗೆ

ಆಟಿಯಲ್ಲಿ (ತುಳುವರ ಜುಲೈ-ಆಗಸ್ಟ್ ತಿಂಗಳು) ತೊಳೆದ ಎಂಜಿನ್ ಒಣಗುವುದು ಅದರ ಮುಂದಿನ ತಿಂಗಳು ಸೋಣದಲ್ಲಿ. ಮಳೆಗಾಲ ಬೇಡ. ಅಕ್ಟೋಬರ್ ಕೊನೆಗೊಮ್ಮೆ, ಏಪ್ರಿಲಿನಲ್ಲೊಮ್ಮೆ ಸಾಕು. ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿದರೆ ಇಡೀ ದಿನದ ಬಿಸಿಲು ಸಿಗುತ್ತದೆ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಈ ಭಾಗವನ್ನು ಮರೆತುಬಿಡಿ, ಅಲ್ಲಿ ಹಿಂಡಿದ ಬಟ್ಟೆಗಷ್ಟೇ ಅವಕಾಶ.

ಎಂಜಿನ್ ಕೈ ಇಟ್ಟರೆ ಉಗುರುಬೆಚ್ಚಗಿರಬೇಕು, ಅದಕ್ಕಿಂತ ಬಿಸಿ ಬೇಡ. ಮೊದಲು ಒಣ ಕೆಲಸ: ಎಲೆ, ಕಡ್ಡಿ, ಮಣ್ಣು. ಇಲಿ ಗೂಡು ಕಂಡರೆ ಬರಿಗೈ ಹಾಕಬೇಡಿ, ಒಣಗಿದ್ದನ್ನು ಗುಡಿಸಲೂ ಬೇಡಿ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಇಲಿಜ್ವರ ಇದೆ, ಅದು ಇಲಿಯ ಮೂತ್ರದಿಂದ ಹರಡುತ್ತದೆ. ಗ್ಲೌಸ್ ಹಾಕಿ, ಸೋಪು ನೀರು ಚಿಮುಕಿಸಿ, ಚೀಲಕ್ಕೆ ತೆಗೆಯಿರಿ. ಗೂಡಿನ ಒಂದಡಿ ಸುತ್ತಿನ ವೈರುಗಳನ್ನೆಲ್ಲ ಬೆರಳಾಡಿಸಿ ನೋಡಿ; ಕಡಿದು ತಾಮ್ರ ಕಂಡ ವೈರಿನ ಮೇಲೆ ನೀರು ಬಿದ್ದರೆ ಮೇಲೆ ಹೇಳಿದ ದೋಷಗಳಲ್ಲಿ ಯಾವುದೂ ಬರಬಹುದು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಎಂಜಿನ್ ಕಂಪ್ಯೂಟರ್, ಕಾಯಿಲಿನ ಸಾಲು, ಏರ್ ಫಿಲ್ಟರಿನ ಬಾಯಿ, ಇಷ್ಟಕ್ಕೂ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಎಷ್ಟು ಚೀಲ ಕಟ್ಟಿದಿರಿ ಎಂದು ಎಣಿಸಿಟ್ಟುಕೊಳ್ಳಿ, ಒಂದು ಮರೆತರೂ ಫ್ಯಾನ್ ಅದನ್ನು ಹುಡುಕಿಕೊಳ್ಳುತ್ತದೆ. ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಬಿಗಿಯಾಗಿವೆಯೇ ನೋಡಿ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳವನ್ನು ವಿಶೇಷವಾಗಿ ನೋಡಿ: ಡಾಟ್ 4 ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ನೀರು ಕುಡಿದರೆ ಆ ಮಿತಿ 155ರವರೆಗೆ ಇಳಿಯಬಹುದು. ಶಿರಾಡಿ ಘಾಟಿ ಇಳಿಯುವಾಗ ಈ ವ್ಯತ್ಯಾಸ ಪೆಡಲಿಗೆ ಗೊತ್ತಾಗುತ್ತದೆ.

ನೀರಿನಲ್ಲಿ ಬೆರೆಯುವ ಡಿಗ್ರೀಸರನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ ಬೆರೆಸಿ. ಸಣ್ಣ ಕಾರಿಗೆ ಬೆರೆಸಿದ ದ್ರಾವಣ ಅರ್ಧ ಲೀಟರ್ ಧಾರಾಳ. ಕಾಸ್ಟಿಕ್ ಇರುವ ಅಗ್ಗದ ದ್ರಾವಣ ಅಲ್ಯೂಮಿನಿಯಂ ಮೇಲೆ ಬಿಳಿ ಕಲೆ ಬಿಡುತ್ತದೆ, ಅದು ಮತ್ತೆ ಹೋಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಚಿಮುಕಿಸಿ, ಐದು ನಿಮಿಷ ಬಿಟ್ಟು, ಒಣಗುವ ಮೊದಲೇ ಬ್ರಷ್ಷಿನಲ್ಲಿ ಉಜ್ಜಿ. ತೊಳೆಯಲು ತೋಟಕ್ಕೆ ಮದ್ದು ಬಿಡುವಂಥ ಕೈಪಂಪ್ ಸಾಕು, ಆದರೆ ಮದ್ದು ಮುಟ್ಟದ ಹೊಸದು. 5ರಿಂದ 6 ಲೀಟರ್ ನೀರು, ಮೇಲಿನಿಂದ ಕೆಳಕ್ಕೆ, ಸಾಕೆಟ್‌ಗಳನ್ನು ತಪ್ಪಿಸಿ. ಸಮುದ್ರದ ಹತ್ತಿರದ ಬಾವಿಗಳು ಮೇ ಹೊತ್ತಿಗೆ ಉಪ್ಪಾಗುವುದುಂಟು. ಬಾಯಿಗೆ ಉಪ್ಪೆನಿಸುವ ನೀರಿನಲ್ಲಿ ತೊಳೆದರೆ ಕೊನೆಯ ಎರಡು ಲೀಟರಾದರೂ ಸಿಹಿನೀರಿರಲಿ.

ಸರ್ವಿಸ್ ಸ್ಟೇಷನ್ನಿನಲ್ಲಿ ಡೀಸೆಲ್ ಹೊಡೆಸಿ ಮಿರಿಮಿರಿ ಮಿಂಚಿಸುವ ಪದ್ಧತಿಗೆ ಒಪ್ಪಬೇಡಿ. ರೇಡಿಯೇಟರ್ ಹೋಸುಗಳ ರಬ್ಬರು ಡೀಸೆಲ್ಲಿಗೆ ಊದಿಕೊಂಡು ಮೆತ್ತಗಾಗುತ್ತದೆ, ಬಿಸಿ ಎಂಜಿನ್ನಿನ ಮೇಲೆ ಬೆಂಕಿಯ ಭಯ ಬೇರೆ.

ಒಣಗಿಸಲು ತೊಳೆದದ್ದಕ್ಕಿಂತ ಹೆಚ್ಚು ಹೊತ್ತು ಕೊಡಿ. ಹಳೆ ಬೈರಾಸಿನಿಂದ (ಟವೆಲಿನಿಂದ) ಒತ್ತಿ ಒರೆಸಿ, ಬ್ಲೋವರಿನಿಂದ ಸಾಕೆಟ್, ಪ್ಲಗ್ ಹೊಂಡಗಳ ಸುತ್ತ ಊದಿ, ಚೀಲಗಳನ್ನು ಎಣಿಸಿ ತೆಗೆದು, ಬಾನೆಟ್ ತೆರೆದು ಮೂರು ಗಂಟೆ ಬಿಸಿಲಿಗೆ ಬಿಡಿ. ಆಮೇಲೆ ಬ್ಯಾಟರಿ ಜೋಡಿಸಿ 15 ನಿಮಿಷ ಐಡಲ್‌ನಲ್ಲಿ ಓಡಿಸಿ. ಬ್ಯಾಟರಿ ಬಿಚ್ಚಿದ್ದರಿಂದ ಐಡಲ್ ಸ್ವಲ್ಪ ಏರುಪೇರಾದರೂ, ಕಿಟಕಿಯ ಆಟೊ ಸ್ವಿಚ್ ಮರೆತರೂ ಅದನ್ನು ದೋಷವೆಂದು ಹಿಡಿಯಬೇಡಿ.

ವೈಪರಿನ ಕೆಳಗಿನ ಜಾಲರಿಯ ಎರಡು ತುದಿಗಳಲ್ಲಿ ನೀರು ಬಸಿಯುವ ತೂತುಗಳಿರುತ್ತವೆ. ಮಾವು, ಹಲಸಿನ ಕೆಳಗೆ ನಿಲ್ಲಿಸುವ ಗಾಡಿಗಳಲ್ಲಿ ಅವು ಕೊಳೆತ ಎಲೆಯಿಂದ ಕಟ್ಟಿರುತ್ತವೆ, ಜೂನಿನ ಮೊದಲ ಮಳೆಗೆ ನೀರು ಏರಿ ಬ್ಲೋವರಿನ ಮೂಲಕ ಕಾಲಡಿಯ ಮ್ಯಾಟಿಗೆ ಇಳಿಯುತ್ತದೆ. ಅಲ್ಲಿಗೆ ಒಂದು ಲೋಟ ನೀರು ಹೊಯ್ಯಿರಿ. ಮುಂದಿನ ಚಕ್ರದ ಹಿಂದಿನಿಂದ ಅದು ಕೂಡಲೇ ನೆಲಕ್ಕೆ ಬಿದ್ದರೆ ದಾರಿ ತೆರೆದಿದೆ. ನಿಂತರೆ ಮೆದು ಪ್ಲಾಸ್ಟಿಕ್ ಟ್ಯೂಬ್ ಹಾಕಿ ಬಿಡಿಸಿ. ಕಬ್ಬಿಣದ ಸರಿಗೆ ಹಾಕಿದರೆ ಕೆಳಗಿನ ರಬ್ಬರ್ ಮೂತಿ ಕಳಚಿ ಬರುತ್ತದೆ.